ಕಾದಂಬರೀಲಿ ಬರೋ ಸಾವು, ಸಂಕಟ, ಮನೆಯೊಳಗಿನ ಗಾಯ – ಪ್ರಾಜೆಕ್ಟಿಗೆ ಹೇಗೆ ಓದೋದು?

ನೀವು ಕೇಳಿರೋದು ಇಷ್ಟು: ಎಂ.ಎ. ಕೊನೇ ಸೆಮಿಸ್ಟರು, ಶೋಕ ಮತ್ತು ಕೌಟುಂಬಿಕ ಆಘಾತ ಅನ್ನೋ ವಿಷಯಕ್ಕೆ ಭೈರಪ್ಪನವರ ಗೃಹಭಂಗ ತಗೊಂಡಿದೀರಿ, ಆದ್ರೆ ಮನಸ್ಸಿನೊಳಗಿನ ಮಾತೇ ಹೆಚ್ಚು ಸಿಗ್ತಿಲ್ಲ, ಸಾವು ಆಗುತ್ತೆ, ಮತ್ತೆ ಕೆಲಸ ಶುರು ಆಗುತ್ತೆ, ಇದರಲ್ಲಿ ಶೋಕದ ಬಗ್ಗೆ ಏನಂತ ಬರೀಲಿ ಅಂತ. ನಾನೂ ಇದೇ ಕಾದಂಬರಿ ಇಟ್ಕೊಂಡು ಹನ್ನೆರಡು ವರ್ಷದ ಹಿಂದೆ ಪ್ರಾಜೆಕ್ಟ್ ಮಾಡಿದೋನು, ಇದೇ ಜಾಗದಲ್ಲೇ ಸಿಕ್ಕಾಕ್ಕೊಂಡಿದ್ದೆ.

ನಾನು ಮಾಡಿದ ತಪ್ಪು ಮೊದಲು ಹೇಳಿಬಿಡ್ತೀನಿ. ನಮ್ಮ ಕಡೆ ಆಗ ಎಲ್ಲರೂ ಶೋಕ ಅಂದ ತಕ್ಷಣ ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್ ರಾಸ್ ಅವರ ಐದು ಹಂತ ಹಾಕೋರು, ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಅಂತ. ನಾನೂ ಹಾಕ್ದೆ, ಕಾದಂಬರಿಯ ನಾಯಕಿ ನಂಜಮ್ಮನ್ನ ಎಳ್ಕೊಂಡು ಬಂದು ಆ ಐದು ಡಬ್ಬಿಗೆ ತುರುಕಿದೆ. ವೈವಾ ತಗೊಂಡೋರು ಒಂದೇ ಪ್ರಶ್ನೆ ಕೇಳಿದ್ರು, 'ಅವಳಿಗೆ ಖಿನ್ನತೆಗೆ ರಜಾ ಯಾವಾಗ ಸಿಕ್ತಪ್ಪಾ?' ಅಂತ. ಆಮೇಲೆ ಹುಡುಕಿ ನೋಡಿದ್ರೆ 1969ರಲ್ಲಿ ಕ್ಯೂಬ್ಲರ್ ರಾಸ್ ಬರೆದಿದ್ದು ತಾವೇ ಸಾಯ್ತಿರೋ ರೋಗಿಗಳ ಜೊತೆ ಮಾತಾಡಿ, ಉಳಿದೋರ ದುಃಖಕ್ಕೆ ಅದನ್ನ ಹಚ್ಚಿದ್ದು ಆಮೇಲಿನ ಕಥೆ. ದಯವಿಟ್ಟು ಆ ಡಬ್ಬಿ ಬಿಟ್ಬಿಡಿ.

ಈ ಕಾದಂಬರೀಲಿ ಶೋಕಕ್ಕೆ ಅಂತ ಬೇರೆ ಜಾಗಾನೇ ಇಲ್ಲ, ಅದು ಕೆಲಸದೊಳಗೆ ಹೋಗಿ ಕೂತಿದೆ. ನಂಜಮ್ಮ ಏನ್ ಮಾಡ್ತಾಳೆ ನೋಡಿ. ಗಂಡ ಚೆನ್ನಿಗರಾಯ ಹೆಸರಿಗೆ ಶ್ಯಾನುಭೋಗ, ಲೆಕ್ಕ ಬರೆಯೋಳು ಇವಳು, ದುಡ್ಡು ಕೈಗೆ ಬಂದಾಗ ಹೋಟ್ಲಲ್ಲಿ ಕೂತು ತಿನ್ನೋನು ಅವನು. ಸಾಲಕ್ಕೆ ಜಮೀನು ಹೋಗುತ್ತೆ, ಇವಳು ಮುತ್ತುಗದೆಲೆ ತಂದು ಹಚ್ಚಿ ಮಾರ್ತಾಳೆ. ಮಗಳು ಪಾರ್ವತಿ, ಮಗ ರಾಮಣ್ಣ ಪ್ಲೇಗಿನಲ್ಲಿ ಬೆನ್ನು ಬೆನ್ನಿಗೇ ಹೋಗ್ತಾರೆ. ಅಲ್ಲಿ ಲೇಖಕರು ಉಪಮೆ ಕಟ್ಕೊಂಡು ಕೂರಲ್ಲ, ಏನಾಯ್ತೋ ಅದನ್ನ ಹೇಳ್ತಾ ಹೋಗ್ತಾರೆ. ಆ ಒಣಗಿದ ಗದ್ಯ ಇದ್ಯಲ್ಲ, ಅದೇ ನಿಮ್ಮ ಅಧ್ಯಾಯ. ಪೆನ್ಸಿಲ್ ತಗೊಂಡು ಪ್ರತಿ ಸಾವಿನ ನಂತರದ ಎರಡು ಮೂರು ಪುಟದಲ್ಲಿ ಬರೋ ಕ್ರಿಯಾಪದಗಳಿಗೆ ಗೆರೆ ಎಳೀರಿ ಸಾಕು, ಯಾರು ಎದ್ರು, ಯಾರು ಬೇಯಿಸಿದ್ರು, ಯಾರು ತಿಂದ್ರು, ಯಾರು ಬೈದ್ರು. ಅದರಲ್ಲೂ ಊಟ ಗಮನಿಸಿ. ಈ ಕಾದಂಬರೀಲಿ ಯಾರು ಯಾವಾಗ ಏನು ತಿಂತಾರೆ ಅನ್ನೋದರಲ್ಲೇ ಆ ಮನೆಯ ಪೂರ್ತಿ ಚರಿತ್ರೆ ಇದೆ.

ಪ್ಲೇಗನ್ನ ಬರೀ ವಿಧಿ ಅಂತ ಬರೀಬೇಡಿ. 1898ರಲ್ಲಿ ಬೆಂಗಳೂರಿಗೆ, ಮೈಸೂರು ಸಂಸ್ಥಾನಕ್ಕೆ ಬಂದ ರೋಗ ಆಮೇಲೆ ಎಷ್ಟೋ ವರ್ಷ ಮತ್ತೆ ಮತ್ತೆ ಬರ್ತಾನೇ ಇತ್ತು, ಹಾಗಾಗಿ ಜನಕ್ಕೆ ಅದರ ಕ್ರಮ ಎಲ್ಲಾ ಬಾಯಿಪಾಠ. ಇಲಿ ಬಿತ್ತು ಅಂದ್ರೆ ಊರು ಖಾಲಿ, ಹೊಲದಲ್ಲಿ ಶೆಡ್ಡು, ಕಂಕುಳಲ್ಲೋ ತೊಡೆಸಂದೀಲೋ ಗೆಡ್ಡೆ ಕಟ್ತಾ ಅಂತ ಮುಟ್ಟಿ ನೋಡ್ಕೊಳ್ಳೋದು. ನಮ್ಮಜ್ಜಿ ತಿಪಟೂರಿನ ಕಡೆಯೋರು, ಶೆಡ್ಡಿನಲ್ಲಿ ಇದ್ದಿದ್ದನ್ನ ಏನೋ ಜಾತ್ರೆಗೆ ಹೋಗಿದ್ದ ಥರ ಹೇಳೋರು, ಅಲ್ಲೇ ಒಬ್ಬ ತಮ್ಮ ಸತ್ತಿದ್ದ ಅನ್ನೋದು ನಮಗೆ ಗೊತ್ತಾಗಿದ್ದು ಬೇರೆಯೋರಿಂದ. ನಾನು ಅಜ್ಜಿಗೆ ಕಾದಂಬರಿಯ ಪ್ಲೇಗಿನ ಭಾಗ ಓದಿ ಹೇಳಿದಾಗ ಸುಮ್ನೆ ಕೇಳಿಸ್ಕೊಂಡು, 'ಅವತ್ತು ಹಸುವಿಗೆ ಹುಲ್ಲು ಯಾರ್ ಹಾಕಿದ್ರು?' ಅಂದ್ರು. ನಾನು ಆಗ ನಕ್ಕುಬಿಟ್ಟೆ, ಈಗ ಅನ್ಸುತ್ತೆ ಆ ಕಾದಂಬರೀನ ನಮ್ಮನೇಲಿ ಸರಿಯಾಗಿ ಕೇಳಿಸ್ಕೊಂಡಿದ್ದು ಅವರೊಬ್ಬರೇ ಅಂತ.

ಇನ್ನು ಕೌಟುಂಬಿಕ ಆಘಾತದ ವಿಷ್ಯ. ಎಲ್ಲರೂ ನಂಜಮ್ಮನ ಅತ್ತೆ ಗಂಗಮ್ಮನ ಬೈಗುಳದ ಮೇಲೇ ಬರೀತಾರೆ, ನೀವು ಬೇಕಾದ್ರೆ ಒಂದು ಪ್ಯಾರಾ ಬರೀರಿ. ನಂಗೆ ಅದಕ್ಕಿಂತ ಮುಖ್ಯ ಅನ್ಸೋದು, ಈ ಮನೇಲಿ ರಕ್ತಸಂಬಂಧ ಮಾಡೋ ಗಾಯಕ್ಕೆ ಹೊರಗಿನೋರು ಮುಲಾಮು ಹಚ್ತಾರೆ. ಜಂಗಮ ಮಹಾದೇವಯ್ಯನೋರು ಯಾವ ಸಂಬಂಧಾನೂ ಅಲ್ಲ, ಊರವರು ಕೆಟ್ಟೋಳು ಅಂತ ಹೆಸರಿಟ್ಟಿದ್ದ ನರಸಿ ಯಾವ ಸಂಬಂಧಾನೂ ಅಲ್ಲ, ಕಷ್ಟಕ್ಕೆ ಆಗೋರು ಅವರೇ. ಕೊನೇಲಿ ನಂಜಮ್ಮನೂ ಪ್ಲೇಗಿಗೆ ಹೋದ್ಮೇಲೆ ಉಳಿದ ಹುಡುಗ ವಿಶ್ವನ್ನ ಕರ್ಕೊಂಡು ಹೊರಡೋದು ಅಯ್ಯನೋರು, ಅಪ್ಪ ಅಲ್ಲ. ಹಾಗಾದ್ರೆ 'ಗೃಹ' ಯಾವ್ದು, ಭಂಗ ಆಗಿದ್ದು ಯಾವ್ದು ಅಂತ ಕೇಳ್ಕೊಂಡ್ರೆ ನಿಮ್ಮ ವಾದ ಅಲ್ಲಿಂದ್ಲೇ ಹುಟ್ಟುತ್ತೆ. ಅಕ್ಕಮ್ಮನ್ನ ಮರೀಬೇಡಿ, ನಂಜಮ್ಮನ ತವರಿನ ಕಡೆಯ ಆ ಅಜ್ಜಿ ರಕ್ತಸಂಬಂಧ ಆಗಿದ್ದೂ ಕಷ್ಟಕ್ಕೆ ಆಗೋಳು, ಹಾಗಾಗಿ ಈ ವಾದಕ್ಕೆ ಅಡ್ಡ ಬರ್ತಾಳೆ, ಬರ್ಲಿ, ಅದನ್ನೂ ಒಪ್ಕೊಂಡು ಬರೀರಿ.

ಲೇಖಕರ ಜೀವನ ತರಬೇಕಾ ಅಂತನೂ ಕೇಳಿದೀರಿ. ಭೈರಪ್ಪನವರು ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ, ಚಿಕ್ಕ ವಯಸ್ಸಲ್ಲೇ ತಾಯೀನ, ಒಡಹುಟ್ಟಿದೋರನ್ನ ಪ್ಲೇಗಿನಲ್ಲಿ ಕಳ್ಕೊಂಡೋರು. ಗೃಹಭಂಗ ಬಂದಿದ್ದು 1970ರಲ್ಲಿ, ಆತ್ಮಕಥೆ ಭಿತ್ತಿ ಬಂದಿದ್ದು 1996ರಲ್ಲಿ. ಅಂದ್ರೆ ಅದೇ ನೋವನ್ನ ಮೊದಲು ಕಥೆ ಮಾಡಿ, ಇಪ್ಪತ್ತಾರು ವರ್ಷ ಆದ್ಮೇಲೆ 'ನಾನು' ಅಂತ ಹೇಳಿದ್ದು. ಎರಡನ್ನೂ ಪಕ್ಕದಲ್ಲಿಟ್ಟು ಓದಿ, ಆದ್ರೆ ವಿಶ್ವ ಅಂದ್ರೆ ಭೈರಪ್ಪನೇ ಅಂತ ಬರೆದುಬಿಟ್ರೆ ಕಾದಂಬರಿ ಅಲ್ಲಿಗೇ ಮುಗೀತು, ಉಳಿದಿದ್ದೆಲ್ಲಾ ಜೀವನಚರಿತ್ರೆ ಆಗೋಗುತ್ತೆ.

ನನಗೊಂದು ತಕರಾರೂ ಇದೆ. ನಂಜಮ್ಮ ಸ್ವಲ್ಪ ಜಾಸ್ತಿನೇ ಒಳ್ಳೆಯೋಳು, ಚೆನ್ನಿಗರಾಯ ಸ್ವಲ್ಪ ಜಾಸ್ತಿನೇ ಹೊಟ್ಟೆಬಾಕ. ಮಕ್ಕಳು ಸತ್ತಾಗ ಅವನೊಳಗೆ ಏನಾಯ್ತು ಅನ್ನೋ ಕಡೆ ಕಾದಂಬರಿ ಅಷ್ಟಾಗಿ ತಲೆ ಹಾಕಲ್ಲ. ಶೋಕ ಪಡೋ ಯೋಗ್ಯತೆ ಯಾರಿಗಿದೆ ಅಂತ ಲೇಖಕರೇ ತೀರ್ಮಾನ ಮಾಡಿಬಿಟ್ಟಿದಾರಾ ಅಂತ ಅನುಮಾನ ಬರುತ್ತೆ. ಇದನ್ನ ಬರೆಯೋಕೆ ಹೆದರ್ಬೇಡಿ, ಗೈಡ್ ಮುಖ ಸಿಂಡರಿಸಿದ್ರೂ ಬರೀರಿ.

ಥಿಯರಿ ಬೇಕೇಬೇಕು ಅಂತ ಡಿಪಾರ್ಟ್‌ಮೆಂಟಲ್ಲಿ ಹಠ ಮಾಡಿದ್ರೆ 1917ರ ಫ್ರಾಯ್ಡ್ ಪ್ರಬಂಧ 'ಮೌರ್ನಿಂಗ್ ಅಂಡ್ ಮೆಲಂಕಲಿಯಾ' ಒಂದು ಸಾಕು, ಕಳ್ಕೊಂಡಿದ್ದು ಏನು ಅಂತ ಗೊತ್ತಿರೋ ಶೋಕಕ್ಕೂ, ಏನು ಕಳ್ಕೊಂಡ್ವಿ ಅಂತನೇ ಗೊತ್ತಿಲ್ಲದ ವಿಷಾದಕ್ಕೂ ಇರೋ ವ್ಯತ್ಯಾಸ ಅದರಲ್ಲಿದೆ, ನಂಜಮ್ಮನಿಗಿಂತ ಚೆನ್ನಿಗರಾಯ, ಅವನ ತಮ್ಮ ಅಪ್ಪಣ್ಣಯ್ಯ ಈ ಇಬ್ಬರಿಗೆ ಅದು ಚೆನ್ನಾಗಿ ಒಗ್ಗುತ್ತೆ ನೋಡಿ. ಇದೇ ಕಾದಂಬರಿ ಇಟ್ಕೊಂಡು ಗಿರೀಶ್ ಕಾಸರವಳ್ಳಿಯವರು ಮಾಡಿದ ಸೀರಿಯಲ್ಲನ್ನ ಪ್ರಾಜೆಕ್ಟ್ ಮುಗಿದ್ಮೇಲೆ ನೋಡಿ, ಮೊದಲೇ ನೋಡಿದ್ರೆ ಮುಖಗಳು ತಲೇಲಿ ಕೂತ್ಬಿಡ್ತವೆ. ಮೊದಲನೇ ಓದಿಗೆ ನೋಟ್ಸ್ ಬೇಡ, ಪೆನ್ಸಿಲ್ ಎರಡನೇ ಸಲಕ್ಕೆ. ಆಮೇಲೆ ಆ ಪ್ಲೇಗಿನ ಪುಟಗಳನ್ನ ಹಾಸ್ಟೆಲಲ್ಲಿ ರಾತ್ರಿ ಒಬ್ರೇ ಕೂತು ಓದ್ಬೇಡಿ, ನಾನು ಹಾಗೆ ಓದಿ ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಊರಿಗೆ ಹೋಗ್ಬಿಟ್ಟಿದ್ದೆ.