ಕೋಡ್ ಬರುತ್ತೆ, ಕಲಿಸೋಕೆ ಬರಲ್ಲ!

ಪ್ರಶ್ನೆ: ನಾನು ಕಾಲೇಜೊಂದರಲ್ಲಿ ಜೀವಶಾಸ್ತ್ರದ ಅಧ್ಯಾಪಕಿ. ನಮ್ಮ ಲ್ಯಾಬಿನ ಪಿಎಚ್‌ಡಿ ಹುಡುಗರು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಳಗಿದವರು. ಅವರಿಂದ ಎಂಎಸ್ಸಿ ಮಕ್ಕಳಿಗೆ ಎರಡು ದಿನದ ಕಾರ್ಯಾಗಾರ ಮಾಡಿಸಿದೆ. ಮೊದಲ ದಿನ ಊಟದ ಹೊತ್ತಿಗೇ ಅರ್ಧ ಜನ ಸುಮ್ನೆ ಪರದೆ ನೋಡ್ತಾ ಕೂತಿದ್ದರು. ಈ ಹುಡುಗರನ್ನು ಕಲಿಸೋದಕ್ಕೆ ತಯಾರು ಮಾಡೋದು ಹೇಗೆ?
– ಓದುಗರು, ಹೆಬ್ಬಾಳ

ಉತ್ತರ: ಮೇಡಂ, ಆ ಹುಡುಗರಿಗೆ ಪೈಥಾನ್ ಚೆನ್ನಾಗಿ ಗೊತ್ತು. ತೊಡಕು ಇರೋದೂ ಅಲ್ಲೇ. ಫೈಲ್ ಯಾವ ಫೋಲ್ಡರ್‌ನಲ್ಲಿದೆ, ಪ್ರೋಗ್ರಾಂ ಅದನ್ನು ಎಲ್ಲಿ ಹುಡುಕುತ್ತಿದೆ ಅನ್ನೋದು ಪಳಗಿದವರಿಗೆ ಯೋಚನೆ ಮಾಡದೇ ಹೊಳೆಯುತ್ತದೆ. ಹೊಸಬರ ಸಿಎಸ್‌ವಿ (ಅಂಕಿಅಂಶದ ಪಟ್ಟಿ ಇರುವ) ಫೈಲ್ ಡೌನ್‌ಲೋಡ್ಸ್‌ನಲ್ಲೇ ಇರುತ್ತದೆ, ಕೋಡ್ ಬರೆಯುವ ನೋಟ್‌ಬುಕ್ ಕಂಪ್ಯೂಟರಿನಲ್ಲಿ ಇನ್ನೆಲ್ಲೋ ತೆರೆದಿರುತ್ತದೆ, ಪರದೆ ಮೇಲೆ 'ಫೈಲ್ ನಾಟ್ ಫೌಂಡ್' ಅಂತ ಬರುತ್ತದೆ, ಅಷ್ಟರಲ್ಲಿ ಮುಂದೆ ನಿಂತವರು ಗ್ರಾಫ್ ಬಿಡಿಸೋಕೆ ಶುರು ಮಾಡಿರುತ್ತಾರೆ. ಅಲ್ಲಿಗೆ ಆ ಮಗುವಿನ ಕಾರ್ಯಾಗಾರ ಮುಗೀತು.

ವಿಜ್ಞಾನಿಗಳಿಗೆ ಕಂಪ್ಯೂಟಿಂಗ್ ಕಲಿಸೋಕೆ ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡಾ 1998ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 'ಸಾಫ್ಟ್‌ವೇರ್ ಕಾರ್ಪೆಂಟ್ರಿ' ಅನ್ನೋ ತರಬೇತಿ ಶುರು ಮಾಡಿದರು. 2018ರಲ್ಲಿ ಅದು 'ಡೇಟಾ ಕಾರ್ಪೆಂಟ್ರಿ' ಜತೆ ಸೇರಿ 'ದಿ ಕಾರ್ಪೆಂಟ್ರೀಸ್' ಆಯಿತು. ಅವರು ಬೋಧಕರಿಗೇ ಬೇರೆ ತರಬೇತಿ ಕೊಡುತ್ತಾರೆ, ಎರಡು ಪೂರ್ತಿ ದಿನ ಅಥವಾ ನಾಲ್ಕು ಅರ್ಧ ದಿನ. ಅಲ್ಲಿ ಪೈಥಾನ್ ಹೇಳಿಕೊಡಲ್ಲ. ಹೊಸಬರ ತಲೆ ಹೇಗೆ ಓಡುತ್ತದೆ, ಒಂದೇ ಸಲಕ್ಕೆ ಎಷ್ಟು ತುಂಬಬಹುದು, ಎಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬೇಕು, ಇದೇ ಪಾಠ. ಅವರ ಪಠ್ಯವೆಲ್ಲ ಮುಕ್ತ ಪರವಾನಗಿಯಲ್ಲಿದೆ, ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ನಿಮ್ಮ ಲ್ಯಾಬಿನಲ್ಲೇ ಕೂತು ಓದಿಸಿ.

ಪ್ರಶ್ನೆ ಕೇಳೋದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 'ಅರ್ಥ ಆಯ್ತಾ?' ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಅದರಿಂದ ಏನೂ ಗೊತ್ತಾಗಲ್ಲ. ಅದರ ಬದಲು ಹೀಗೆ ಕೇಳಿ: ಪೈಥಾನ್‌ನಲ್ಲಿ 'ಮಳೆ' ಅನ್ನೋ ಹೆಸರಿಗೆ 20 ಕೊಟ್ಟೆವು. 'ಒಟ್ಟು' ಅಂದರೆ 'ಮಳೆ'ಯ ಎರಡರಷ್ಟು ಅಂತ ಬರೆದೆವು. ಆಮೇಲೆ 'ಮಳೆ'ಯನ್ನು 30 ಮಾಡಿದೆವು. ಈಗ 'ಒಟ್ಟು' ಎಷ್ಟು? ಸರಿ ಉತ್ತರ 40, ಮತ್ತೆ ಲೆಕ್ಕ ಹಾಕು ಅನ್ನೋವರೆಗೂ ಪೈಥಾನ್ 'ಒಟ್ಟು' ಅನ್ನು ಬದಲಿಸಲ್ಲ. 60 ಅಂದವರಿಗೆ ಬುದ್ಧಿ ಕಮ್ಮಿ ಅಂತಲ್ಲ, ಅವರು ಎಕ್ಸೆಲ್‌ನಿಂದ ಬಂದವರು, ಒಂದು ಸೆಲ್ ಬದಲಾದರೆ ಇನ್ನೊಂದೂ ತಾನಾಗೇ ಬದಲಾಗುತ್ತದೆ ಅಂದುಕೊಂಡಿದ್ದಾರೆ. ಎಲ್ಲಿ ಸರಿ ಮಾಡಬೇಕು ಅಂತ ಆ ತಪ್ಪು ಉತ್ತರವೇ ತೋರಿಸಿತು, ಅಲ್ವಾ? ಇಂಥ ಪ್ರಶ್ನೆಗಳನ್ನು, ಆಯ್ಕೆಯ ಉತ್ತರಗಳ ಸಮೇತ, ಹುಡುಗರೇ ಮೊದಲೇ ಬರೆದುಕೊಂಡು ಬರಲಿ, ಪ್ರತಿ ತಪ್ಪು ಆಯ್ಕೆಯ ಹಿಂದೆ ಒಂದು ನಿಜವಾದ ತಪ್ಪು ತಿಳಿವಳಿಕೆ ಇರಲಿ. ಬೋಧಕರ ತಯಾರಿಯಲ್ಲಿ ಜಾಸ್ತಿ ಹೊತ್ತು ಹೋಗಬೇಕಾದ್ದು ಇದಕ್ಕೇ ಅಂತ ನನ್ನ ಗಟ್ಟಿ ನಂಬಿಕೆ.

ಸ್ಲೈಡ್ ಬೇಡ. ಎಲ್ಲರ ಎದುರು ಒಂದೊಂದೇ ಸಾಲು ಟೈಪ್ ಮಾಡುತ್ತಾ, ಬಾಯಲ್ಲಿ ಹೇಳುತ್ತಾ ಹೋಗಲಿ. ಟೈಪ್ ಮಾಡುವಾಗ ವೇಗ ತಾನಾಗೇ ಇಳಿಯುತ್ತದೆ, ಬೋಧಕರೂ ತಪ್ಪುತ್ತಾರೆ, ಅದನ್ನು ಹೇಗೆ ಹುಡುಕಿ ಸರಿ ಮಾಡಿದರು ಅಂತ ಮಕ್ಕಳು ಕಣ್ಣಾರೆ ನೋಡುತ್ತಾರೆ. ಪ್ರತಿಯೊಬ್ಬರಿಗೂ ಎರಡು ಬಣ್ಣದ ಸ್ಟಿಕ್ಕಿ ನೋಟ್ ಕೊಡಿ. ಒಂದು 'ನಂದು ಆಯ್ತು', ಇನ್ನೊಂದು 'ಸಹಾಯ ಬೇಕು'. ಲ್ಯಾಪ್‌ಟಾಪ್ ಮೇಲೆ ಅಂಟಿಸಿದರೆ ಸಾಕು, ಕೈ ಎತ್ತೋಕೆ ನಾಚಿಕೆಪಡುವ ಮಗುವೂ ಕಾಣುತ್ತದೆ. ಸಹಾಯಕ್ಕೆ ಓಡಾಡುವವರು ಮಕ್ಕಳ ಕೀಬೋರ್ಡ್ ಮುಟ್ಟಬಾರದು. 'ಇದು ತುಂಬಾ ಸುಲಭ' ಅಂತಲೂ ಹೇಳಬಾರದು, ಅದು ಬಾರದವರಿಗೆ ಚುಚ್ಚುತ್ತದೆ.

ಕಾರ್ಯಾಗಾರಕ್ಕೆ ಮುಂಚೆ ಪ್ರತಿ ಹುಡುಗನೂ ಉಳಿದವರ ಮುಂದೆ ಐದು ನಿಮಿಷ ಕಲಿಸಲಿ. ನೋಡಿದವರು ವಿಷಯದ ಬಗ್ಗೆ ಮತ್ತು ಹೇಳಿದ ರೀತಿಯ ಬಗ್ಗೆ ಒಂದೊಂದು ಒಳ್ಳೆಯದು, ಒಂದೊಂದು ತಿದ್ದಬೇಕಾದ್ದು ಬರೆದುಕೊಡಲಿ. ಆಮೇಲೆ ಅದೇ ಪಾಠ ಇನ್ನೊಮ್ಮೆ.

ಪ್ರಶ್ನೆ: ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಕೋಡಿಂಗ್ ಅನ್ನು ಕನ್ನಡದಲ್ಲೇ ಹೇಳಿಕೊಡಬಹುದಾ?
– ಓದುಗರು, ಕೆಂಗೇರಿ

ಉತ್ತರ: ಧಾರಾಳವಾಗಿ. ವಿವರಣೆ, ಪ್ರಶ್ನೆ, ಅನುಮಾನ ಎಲ್ಲ ಕನ್ನಡದಲ್ಲೇ ನಡೆಯಲಿ. ಕೋಡ್‌ನ ಆದೇಶಗಳು ಇಂಗ್ಲಿಷ್‌ನಲ್ಲಿ ಇರುವ ಹಾಗೇ ಇರಲಿ. ಎರರ್ ಬಂದಾಗ ಮಾತ್ರ ಕೊನೆಯ ಸಾಲಿನಿಂದ ಓದೋದನ್ನು ಅಭ್ಯಾಸ ಮಾಡಿಸಿ. ಪೈಥಾನ್‌ನಲ್ಲಿ ಎಡವಟ್ಟು ಏನು ಅಂತ ಹೇಳೋದು ಆ ಸಾಲು, ಎಲ್ಲಿ ಆಯಿತು ಅನ್ನೋದು ಅದರ ಮೇಲಿನ ಸಾಲುಗಳಲ್ಲಿರುತ್ತದೆ.