ಊರ ಬಾವಡಿಗಳ ಮುಕ್ತ ದತ್ತಾಂಶ: ಪರವಾನಗಿ ಮೊದಲೋ, ಜನ ಮೊದಲೋ?

ವಿಜಯಪುರದ ಹಳೆಯ ಬಾವಡಿಗಳ (ಮೆಟ್ಟಿಲಿರುವ ಬಾವಿಗಳ) ಪಟ್ಟಿಯನ್ನು ಊರಿನವರೇ ಸೇರಿ ತಯಾರಿಸಿ ಎಲ್ಲರ ಬಳಕೆಗೆ ಬಿಡಬೇಕೆಂದಿದ್ದೀರಿ. ಪರವಾನಗಿಯ, ಅಂದರೆ ಆ ಪಟ್ಟಿಯನ್ನು ಯಾವ ಷರತ್ತಿನ ಮೇಲೆ ಬಳಸಬಹುದೆಂಬ ವಿಚಾರವನ್ನು ಜನ ಸೇರಿದ ಮೇಲೆ ನೋಡಿಕೊಂಡರಾಗದೇ ಎಂಬುದು ನಿಮ್ಮ ಪ್ರಶ್ನೆ. ಆಗದು. ಮೊದಲ ಬಾವಡಿಯ ವಿವರ ಬರೆದುಕೊಳ್ಳುವ ಮುನ್ನವೇ ಗೊತ್ತುಪಡಿಸಿ.

ನಾನು ಈ ಊರಿನ ಓಣಿಗಳನ್ನು, ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸುತ್ತ ಬಂದವನು. 2004ರಲ್ಲಿ ಆರಂಭವಾದ ಆ ಯೋಜನೆ ಮೊದಲು ಬಳಸಿದ್ದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು. ಬರಹ, ಚಿತ್ರಗಳಿಗೆಂದು ಮಾಡಿದ್ದ ಅದು ದತ್ತಾಂಶಕ್ಕೆ ಹೊಂದಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ದತ್ತಾಂಶಕ್ಕೆಂದೇ ಮಾಡಿದ ಓಡಿಬಿಎಲ್ ಎಂಬ ಪರವಾನಗಿಗೆ ಬದಲಾದರು. ಬದಲಾವಣೆಗೆ ಒಪ್ಪದವರ, ಕೇಳಿದರೂ ಉತ್ತರಿಸದವರ ಕೆಲಸವನ್ನು ನಕ್ಷೆಯಿಂದ ತೆಗೆಯಬೇಕಾಯಿತು. ರಸ್ತೆಯನ್ನಾದರೂ ಮತ್ತೆ ಅಳೆದು ಬರೆಯಬಹುದು. ಹೂಳು ತುಂಬಿ ಮುಚ್ಚಿಹೋದ ಬಾವಡಿಯ ಹೆಸರನ್ನು ಓಣಿಯ ಹಿರಿಯಜ್ಜಿಯೊಬ್ಬರು ಹೇಳಿರುತ್ತಾರೆ. ಅದು ಅಳಿದರೆ ಮತ್ತೆ ಯಾರನ್ನು ಕೇಳುವುದು?

ನಿಮ್ಮ ಮುಂದಿರುವುದು ಮುಖ್ಯವಾಗಿ ಎರಡು ದಾರಿ. ಸಿಸಿ0 ಎಂಬುದರಲ್ಲಿ ಬಳಸುವವರಿಗೆ ಯಾವ ಷರತ್ತೂ ಇಲ್ಲ. ವಿಕಿಪೀಡಿಯದ ಸೋದರ ಯೋಜನೆಯಾದ ಮುಕ್ತ ದತ್ತಾಂಶ ಭಂಡಾರ ವಿಕಿಡೇಟಾ ನಡೆಯುವುದು ಅದರಲ್ಲೇ. ಓಡಿಬಿಎಲ್‌ನಲ್ಲಿ ಮೂಲವನ್ನು ಹೆಸರಿಸಬೇಕು. ದತ್ತಾಂಶವನ್ನು ತಿದ್ದಿ, ಬೆಳೆಸಿ ಸಾರ್ವಜನಿಕವಾಗಿ ಬಳಸುವವರು ಬೆಳೆಸಿದ್ದನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ನಾನು ಓಡಿಬಿಎಲ್ ಕಡೆಗೆ. ಬಿಸಿಲಿನಲ್ಲಿ ಓಣಿ ಓಣಿ ಅಲೆದವರ ದುಡಿಮೆ ಯಾವುದೋ ಕಂಪನಿಯ ಬೀಗದೊಳಗೆ ಸೇರಬಾರದೆಂಬುದು ನನ್ನ ಹಟ. ಇದಕ್ಕೊಂದು ಬೆಲೆಯೂ ಇದೆ: ಆ ಪಟ್ಟಿಯನ್ನು ಹಾಗೆಯೇ ವಿಕಿಡೇಟಾಕ್ಕೆ ಸುರಿಯುವಂತಿಲ್ಲ. ನಿಮ್ಮ ಗುಂಪಿಗೆ ಹೆಚ್ಚು ಮುಖ್ಯವಾದದ್ದು ದೂರದವರೆಗೆ ಹರಡುವುದೇ ಆಗಿದ್ದರೆ ಸಿಸಿ0 ಆರಿಸಿಕೊಳ್ಳಿ. ಆದರೆ ಒಟ್ಟಿಗೆ ಕುಳಿತು ಆರಿಸಿ. ಯಾವುದನ್ನು ಆರಿಸಿದರೂ ಗೂಗಲ್ ನಕ್ಷೆಯಿಂದ ನಕಲು ಮಾಡಬೇಡಿ. ನಮ್ಮದಲ್ಲದ್ದನ್ನು ದಾನ ಮಾಡಲು ಬರುವುದಿಲ್ಲ.

ಇನ್ನು ಜನರ ಮಾತು. ತಾಜ್ ಬಾವಡಿ, ಚಾಂದ್ ಬಾವಡಿಗಳಿಂದ ಶುರು ಮಾಡಬೇಡಿ. ಅವು ಎಲ್ಲರಿಗೂ ಗೊತ್ತಿರುವಂಥವು. ತಮ್ಮ ಓಣಿಯ ಹೆಸರಿಲ್ಲದ ಬಾವಡಿ ನಕ್ಷೆಯಲ್ಲಿ ಕಂಡಾಗಲೇ ಜನ ನಿಮ್ಮವರಾಗುತ್ತಾರೆ. ಮೊಬೈಲ್ ಬಳಸದ ಹಿರಿಯರಿಗೆ ಮುದ್ರಿಸಿದ ನಕ್ಷೆ ಕೊಡಿ, ಅವರು ಪೆನ್ಸಿಲ್‌ನಲ್ಲಿ ಗುರುತು ಹಾಕಲಿ. ಈ ವಿವರ ಯಾರು ಬೇಕಾದರೂ ಬಳಸುವಂತಾಗುತ್ತದೆ ಎಂದು ಕನ್ನಡದಲ್ಲೇ, ಅಗತ್ಯವಿದ್ದರೆ ಉರ್ದುವಿನಲ್ಲೂ, ಮೊದಲೇ ತಿಳಿಸಿ. ಒಂದೇ ಬಾವಡಿಗೆ ಎರಡು ಹೆಸರು ಬಂದರೆ ಎರಡನ್ನೂ ಉಳಿಸಿ. ಹೆಸರಿನ ಜಗಳವನ್ನು ನೀವು ತೀರ್ಮಾನಿಸಲು ಹೋಗಬೇಡಿ. ಬಾವಡಿ ಮನೆಯ ಆವರಣದೊಳಗಿದ್ದರೆ ಮನೆಯವರ ಒಪ್ಪಿಗೆ ಬೇಕು. ಅವರ ಹೆಸರು, ಫೋನ್ ಸಂಖ್ಯೆ ದತ್ತಾಂಶದಲ್ಲಿ ಇರಲೇಬಾರದು.

ಹೊಸಬರು ಸೇರಿಸಿದ್ದರಲ್ಲಿ ತಪ್ಪಿದ್ದರೆ ಸದ್ದಿಲ್ಲದೆ ಅಳಿಸಬೇಡಿ. ಅವರಿಗೇ ತಿಳಿಸಿ, ಅವರ ಕೈಯಿಂದಲೇ ತಿದ್ದಿಸಿ.