ಎಲ್ಲರೂ ‘ಆವು’ ಅಂದರು, ಇವರೂ ಅಂದರು

ಸುಂದರಣ್ಣ ಅಂತ ಕರೆಯೋಣ. ನಿಜವಾದ ಹೆಸರಲ್ಲ. ಊರು ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ಎಲ್ಲೋ ಅಂತ ಇಟ್ಟುಕೊಳ್ಳಿ. ವಯಸ್ಸು, ಮಕ್ಕಳ ಓದು, ಹಣದ ಲೆಕ್ಕ ಎಲ್ಲ ಸ್ವಲ್ಪ ಆಚೀಚೆ ಮಾಡಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಇಲ್ಲಿ ಹಾಕುತ್ತಿರುವುದು.

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಅವರು ಬಂದದ್ದು ಎದೆ ಉರಿ ಅಂತ. ನಲವತ್ತಾರು ವರ್ಷ, ನಾನೂರು ಅಡಿಕೆ ಮರ, ಬಿಡುವಿನಲ್ಲಿ ಬಾಡಿಗೆ ಜೀಪು ಓಡಿಸುವುದು. ಹೆಂಡತಿ ಬೀಡಿ ಕಟ್ಟುತ್ತಾರೆ. ಮಗಳು ನರ್ಸಿಂಗ್ ಎರಡನೇ ವರ್ಷ. ತಲಪಾಡಿ ದಾಟಿ ಮಂಗಳೂರಿಗೆ ಎರಡು ಸಲ ಹೋಗಿ ಇಸಿಜಿ, ಎಂಡೋಸ್ಕೋಪಿ ಎಲ್ಲ ಮಾಡಿಸಿದ್ದರು. ಏನೂ ಇಲ್ಲ ಅಂತ ಬಂತು. ಆದರೆ ರಾತ್ರಿ ಮೂರು ಗಂಟೆಗೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಮಕ್ಕಳ ಮೇಲೆ ಸುಮ್ನೆ ರೇಗುವುದು. ಕೊನೆಗೆ ಡಾಕ್ಟರೇ ‘ಒಮ್ಮೆ ಯಾರ ಹತ್ರ ಆದ್ರೂ ಕೂತು ಮಾತಾಡಿ’ ಅಂತ ಕಳಿಸಿದ್ದು.

ಮೊದಲ ಅರ್ಧ ಗಂಟೆ ಬರೀ ಹೊಟ್ಟೆಯ ಕಥೆ. ಮೊಬೈಲನ್ನು ಮೇಜಿನ ಮೇಲೆ ಕವುಚಿ ಇಟ್ಟಿದ್ದರು. ಅದು ಒಮ್ಮೆ ‘ಟಿಂಗ್’ ಅಂದಿತು. ಮಾತು ಅಲ್ಲೇ ನಿಂತಿತು, ಬಲಗೈ ಅಂಗಿಯ ಎರಡನೇ ಗುಂಡಿಯ ಮೇಲೆ ಹೋಗಿ ಕೂತಿತು. ಯಾರದ್ದು ಅಂತ ಕೇಳಿದೆ. ‘ಕುಟುಂಬದ ಗ್ರೂಪು ಮೇಡಂ’ ಅಂದರು. ಹೊಟ್ಟೆಯ ಕಥೆ ಅಲ್ಲಿಗೆ ಮುಗಿಯಿತು.

ವಿಷಯ ಇಷ್ಟು. ತರವಾಡು ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ದೈವದ ಚಾವಡಿ ಹಳೆಯದಾಗಿದೆ, ಜೀರ್ಣೋದ್ಧಾರ ಆಗಬೇಕು. ಇದರಲ್ಲಿ ಯಾರದ್ದೂ ತಕರಾರಿಲ್ಲ, ಸುಂದರಣ್ಣನದ್ದೂ ಇಲ್ಲ, ನನ್ನದಂತೂ ಮೊದಲೇ ಇಲ್ಲ. ಶುರುವಿನಲ್ಲಿ ‘ಒಂದು ಆದಿತ್ಯವಾರ ಶ್ರಮದಾನಕ್ಕೆ ಬಾ’ ಅಂದರು. ಹೋದರು. ‘ಲೆಕ್ಕ ಬರೆಯಲಿಕ್ಕೆ ಸ್ವಲ್ಪ ಸಹಾಯ ಮಾಡು’ ಅಂದರು. ಮಾಡಿದರು. ಆಮೇಲೆ ನೋಡಿದರೆ ಮನವಿ ಪತ್ರದಲ್ಲಿ ಜೊತೆ ಕಾರ್ಯದರ್ಶಿ ಅಂತ ಹೆಸರು ಅಚ್ಚಾಗಿದೆ! ಅದಾದ ಮೇಲೆ ಸಭೆ. ಅಬುಧಾಬಿಯಲ್ಲಿರುವ ದೊಡ್ಡಪ್ಪನ ಮಗ ಮೊದಲು ಎದ್ದು ಐದು ಲಕ್ಷ ಅಂದ. ಚಪ್ಪಾಳೆ. ಮತ್ತೆ ಸಾಲಾಗಿ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ‘ನಿಮ್ಮ ಮನೆಯಿಂದ ಒಂದೂವರೆ ಲಕ್ಷ ಬರೆಯುವುದಲ್ವಾ?’ ತುಳುವಿನಲ್ಲಿ ಎಲ್ಲರದ್ದೂ ಒಂದೇ ಉತ್ತರ, ‘ಆವು.’ ಆಗಬಹುದು ಅಂತ. ಇವರ ಸರದಿ ಹನ್ನೊಂದನೆಯದ್ದು.

‘ನನ್ನ ಬಾಯಿಂದ ಹೇಗೆ ಬಂತು ಅಂತ ಗೊತ್ತಿಲ್ಲ ಮೇಡಂ. ನಾನು ಅಷ್ಟು ಪುಕ್ಕಲನಾ?’

ಪುಕ್ಕಲುತನ ಅಲ್ಲ ಅಂತ ಹೇಳಲು ನಾನು ಅವರಿಗೆ ಒಂದು ಹಳೆಯ ಪ್ರಯೋಗದ ಕಥೆ ಹೇಳಿದೆ. 1951ರಲ್ಲಿ ಅಮೆರಿಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ ಪ್ರಕಟಿಸಿದ್ದು. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಇದರಷ್ಟೇ ಉದ್ದ ಅಂತ ಕೇಳುವುದು. ಸಣ್ಣ ಮಗುವೂ ಹೇಳುತ್ತದೆ. ಆದರೆ ಕೋಣೆಯಲ್ಲಿ ಕೂತವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಕಡೆಯವರು. 18 ಸಲ ಕೇಳಿದಾಗ 12 ಸಲ ಅವರೆಲ್ಲ ಬೇಕೆಂದೇ ಒಂದೇ ತಪ್ಪು ಉತ್ತರ ಜೋರಾಗಿ ಹೇಳುತ್ತಾರೆ. ಗೊತ್ತಿಲ್ಲದವನ ಸರದಿ ಬರುವುದು ಕೊನೆಗೆ ಹತ್ತಿರ. ಆ ತಪ್ಪು ಉತ್ತರಗಳಿಗೆ ಸುಮಾರು ಮೂರರಲ್ಲೊಂದು ಸಲ ಅವನೂ ಹೂಂಗುಟ್ಟಿದ. ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಹಾಗೆ ಮಾಡಿದರು. ಅದೂ ಬರೀ ಗೆರೆಗೆ. ಪರಿಚಯವಿಲ್ಲದವರ ಎದುರು. ಇಲ್ಲಿ ಎದುರು ಕೂತದ್ದು ಸ್ವಂತ ಮಾವಂದಿರು, ಚಿಕ್ಕಪ್ಪಂದಿರು, ನಾಳೆ ಮಗಳ ಮದುವೆಗೆ ಬರಬೇಕಾದವರು.

ಗುಂಪು ನಮ್ಮನ್ನು ಎರಡು ದಾರಿಯಲ್ಲಿ ಬಗ್ಗಿಸುತ್ತದೆ. ಒಂದು, ಇಷ್ಟು ಜನ ಹೇಳುವಾಗ ಅವರಿಗೆ ಗೊತ್ತಿರಬೇಕು ಅನ್ನಿಸುವುದು. ಇನ್ನೊಂದು, ಗೊತ್ತಿದ್ದರೂ ಬೇರೆ ಹೇಳಿದರೆ ಕೆಟ್ಟವನಾಗುತ್ತೇನೆ ಅನ್ನಿಸುವುದು. ಸುಂದರಣ್ಣನದ್ದು ಎರಡನೆಯದ್ದು. ಒಂದೂವರೆ ಲಕ್ಷ ತನ್ನ ಹತ್ತಿರ ಇಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಆ ಕ್ಷಣದಲ್ಲೂ.

ಮತ್ತೆ ಆ ಶ್ರಮದಾನ, ಲೆಕ್ಕ, ಜೊತೆ ಕಾರ್ಯದರ್ಶಿ. ಸಣ್ಣದಕ್ಕೆ ಒಪ್ಪಿದವನು ದೊಡ್ಡದಕ್ಕೂ ಒಪ್ಪುತ್ತಾನೆ ಎನ್ನುವುದನ್ನು 1966ರಲ್ಲಿ ಫ್ರೀಡ್‌ಮನ್, ಫ್ರೇಸರ್ ಎಂಬಿಬ್ಬರು ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷೆ ಮಾಡಿದ್ದರು. ಅಂಗಳದಲ್ಲಿ ‘ಜಾಗ್ರತೆಯಿಂದ ವಾಹನ ಓಡಿಸಿ’ ಎಂಬ ಅಂದಗೆಟ್ಟ ದೊಡ್ಡ ಬೋರ್ಡು ನಿಲ್ಲಿಸಲು ನೇರ ಕೇಳಿದಾಗ ಒಪ್ಪಿದ್ದು ನೂರರಲ್ಲಿ 17 ಮಂದಿ. ಮೊದಲು ಅದೇ ವಿಷಯದ ಪುಟ್ಟ ಚೀಟಿಯೊಂದನ್ನು ಕಿಟಕಿಗೋ ಕಾರಿಗೋ ಅಂಟಿಸಲು ಕೇಳಿ, ಎರಡು ವಾರ ಬಿಟ್ಟು ಬೋರ್ಡಿಗೆ ಕೇಳಿದಾಗ 76 ಮಂದಿ. ಕುಟುಂಬದವರು ಇದನ್ನು ಓದಿಕೊಂಡು ಮಾಡಿದ್ದಲ್ಲ. ಊರಿನಲ್ಲಿ ಇದು ಪುಸ್ತಕಕ್ಕಿಂತ ಮೊದಲೇ ಗೊತ್ತು.

ಸಭೆ ಮುಗಿದರೂ ಸಭೆ ಮುಗಿಯಲಿಲ್ಲ, ಅದು ವಾಟ್ಸಾಪಿಗೆ ಬಂತು. ಹೆಸರು, ಮೊತ್ತ, ಕೊಟ್ಟವರ ಹೆಸರಿನ ಮುಂದೆ ಹಸಿರು ಗುರುತು. ಯಾರು ಕೊಟ್ಟರೂ ಪಟ್ಟಿ ಇಡೀ ಮತ್ತೊಮ್ಮೆ ಬರುತ್ತದೆ. ದಿನಕ್ಕೆ ಎರಡು, ಮೂರು ಸಲ ತನ್ನ ಹೆಸರಿನ ಮುಂದಿನ ಖಾಲಿ ಜಾಗ ನೋಡುವುದು.

ದೇಹಕ್ಕೆ ಹುಲಿಯೂ ಒಂದೇ, ಹಸಿರು ಗುರುತೂ ಒಂದೇ. ಅಪಾಯ ಅಂತ ಮನಸ್ಸು ಲೆಕ್ಕ ಹಾಕಿದ ಕೂಡಲೇ ಅಡ್ರಿನಲಿನ್ ಏರುತ್ತದೆ, ಎದೆ ಬಡಿಯುತ್ತದೆ, ಜೀರ್ಣದ ಕೆಲಸ ಹಿಂದೆ ಸರಿಯುತ್ತದೆ. ಹೊಡೆದಾಡು, ಇಲ್ಲವೇ ಓಡು. ಸುಂದರಣ್ಣ ಎರಡನ್ನೂ ಮಾಡುವಂತಿಲ್ಲ. ಹಾಗಾಗಿ ಆ ಸ್ಥಿತಿ ಇಳಿಯುವುದೇ ಇಲ್ಲ. ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲೆ ಬೇರೆ ಬೇರೆ ಕಷ್ಟ ಹೇರಿ ನೋಡಿದಾಗ, ಕಷ್ಟ ಯಾವುದಾದರೂ ದೇಹ ಹೆಚ್ಚು ಕಡಿಮೆ ಒಂದೇ ರೀತಿ ಕೆಡುತ್ತದೆ ಅಂತ ಕಂಡುಕೊಂಡ. ಮೊದಲು ಗಾಬರಿ, ಆಮೇಲೆ ತಡೆದುಕೊಳ್ಳುವುದು, ಕೊನೆಗೆ ಸೋತು ಬೀಳುವುದು. ಆ ಇಲಿಗಳ ಹೊಟ್ಟೆಯಲ್ಲಿ ಹುಣ್ಣುಗಳಿದ್ದವು. ಹಾಗಂತ ಎದೆ ಉರಿಯೆಲ್ಲ ಟೆನ್ಶನ್ ಅಂತ ನೀವೇ ತೀರ್ಮಾನ ಮಾಡಬೇಡಿ. ಮನುಷ್ಯರ ಹೊಟ್ಟೆ ಹುಣ್ಣಿಗೆ ಮುಖ್ಯ ಕಾರಣ ಒಂದು ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಡಾಕ್ಟರನ್ನು ಮೊದಲು ನೋಡಿದ್ದು ಸರಿಯೇ.

ಇಲ್ಲಿ ನನ್ನ ತಪ್ಪೂ ಒಂದಿದೆ. ಮೊದಲ ದಿನವೇ ನಾನು, ‘ಆಗುವುದಿಲ್ಲ ಅಂತ ಗ್ರೂಪಿನಲ್ಲಿ ಹಾಕಿಬಿಡಿ, ಎಷ್ಟು ದಿನ ಅಂತ ಹೆದರುವುದು’ ಅಂದುಬಿಟ್ಟೆ. ಅವರು ತಲೆ ಅಲ್ಲಾಡಿಸಿ ಹೋದರು. ಮೂರು ವಾರ ಬರಲಿಲ್ಲ. ಯೋಚನೆ ಮಾಡಿದರೆ, ನನಗೂ ‘ಆವು’ ಅಂದು ಹೋಗಿದ್ದರು ಅಷ್ಟೇ. ಕುಟುಂಬದ ಒತ್ತಡದ ಮೇಲೆ ನನ್ನದೊಂದು ಒತ್ತಡ.

ಎರಡನೇ ಸಲ ಬಂದಾಗ ಮೊದಲು ಕೇಳಬೇಕಾದ್ದನ್ನು ನೇರವಾಗಿ ಕೇಳಿದೆ, ಸಾಯುವ ಯೋಚನೆ ಏನಾದರೂ ಬರುತ್ತಾ ಅಂತ. ಇಲ್ಲ ಅಂದರು. ಬಂದರೆ ರಾತ್ರಿ ಎಷ್ಟು ಹೊತ್ತಾದರೂ ಸರಕಾರದ ಟೆಲಿ ಮಾನಸ್ ನಂಬರಿಗೆ, 14416ಕ್ಕೆ, ಫೋನು ಮಾಡಬಹುದು, ದುಡ್ಡು ಬೀಳುವುದಿಲ್ಲ ಅಂತ ಬರೆದು ಕೊಟ್ಟೆ. ಆಮೇಲೆ ಸಣ್ಣ ಕೆಲಸಗಳು. ಗ್ರೂಪು ಬಿಡಬೇಡಿ, ಬಿಟ್ಟರೆ ಅದೇ ಒಂದು ಸುದ್ದಿ. ಸದ್ದು ಮಾತ್ರ ಬಂದ್ ಮಾಡಿ, ದಿನಕ್ಕೊಮ್ಮೆ ನೀವಾಗಿ ತೆರೆದು ನೋಡಿ. ಮೂರು ಗಂಟೆಗೆ ಎಚ್ಚರವಾದರೆ ಉಸಿರು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ಹತ್ತು ಸಲ. ಇದರಿಂದ ಸಾಲ ತೀರುವುದಿಲ್ಲ, ಎದೆ ಬಡಿತ ಇಳಿಯುತ್ತದೆ. ಮತ್ತೆ, ಹೆಂಡತಿಗೆ ಹೇಳಿ. ಅದನ್ನು ಕೇಳಿ ನನಗೇ ಆಶ್ಚರ್ಯ, ಮೊತ್ತ ಎಷ್ಟು ಅಂತ ಹೆಂಡತಿಗೆ ಗೊತ್ತೇ ಇರಲಿಲ್ಲ. ಇಬ್ಬರೂ ಕೂತು ಮಗಳ ಫೀಸು, ಅಡಿಕೆಗೆ ಮದ್ದು ಬಿಡುವ ಖರ್ಚು, ಸೊಸೈಟಿಯ ಸಾಲ ಎಲ್ಲ ಬರೆದರು. ಸಾಲ ಮಾಡದೆ ಕೊಡಬಹುದಾದದ್ದು ಮೂವತ್ತು ಸಾವಿರ.

ಮುಖ್ಯ ಸಲಹೆ ಬೇರೆ ಇತ್ತು. ಆಶ್ ಆಮೇಲೆ ಅದೇ ಪ್ರಯೋಗದಲ್ಲಿ ಒಂದು ಬದಲಾವಣೆ ಮಾಡಿದ್ದ. ಗುಂಪಿನಲ್ಲಿ ಸರಿ ಉತ್ತರ ಹೇಳುವ ಒಬ್ಬನೇ ಒಬ್ಬನನ್ನು ಕೂರಿಸಿದ. ಅಷ್ಟಕ್ಕೇ ತಪ್ಪಿಗೆ ಹೂಂ ಅನ್ನುವುದು ಕಾಲುಭಾಗಕ್ಕೆ ಇಳಿಯಿತು. ಇಡೀ ಸಭೆಯನ್ನು ಎದುರಿಸುವುದು ಬೇಡ, ಒಬ್ಬರನ್ನು ಹುಡುಕಿ ಅಂದೆ. ‘ನಿನಗೂ ಸಿಟ್ಟಿದೆ ಅಲ್ವಾ’ ಅಂತ ಕೆದಕಬೇಡಿ, ಅದು ಬಣ ಕಟ್ಟಿದ ಹಾಗಾಗುತ್ತದೆ. ನಿಮ್ಮ ಕಷ್ಟ ಮಾತ್ರ ಹೇಳಿ.

ಅವರು ಹೋದದ್ದು ಚಿಕ್ಕಪ್ಪನ ಮಗನ ಮನೆಗೆ, ಅಂಗಳದಲ್ಲಿ ಅಡಿಕೆ ಒಣ ಹಾಕುವ ಹೊತ್ತಿಗೆ. ಇಬ್ಬರೂ ಕಾಲಿನಲ್ಲಿ ಅಡಿಕೆ ಹರಡುತ್ತಾ ಇದ್ದರಂತೆ, ಮುಖ ನೋಡದೆ ಮಾತಾಡಲಿಕ್ಕೆ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಸುಂದರಣ್ಣ ಹೇಳಿ ಮುಗಿಸುವಾಗ ಆಚೆಯಿಂದ ಬಂದ ಮಾತು: ‘ಎಂತ ಮಾರಾಯ, ನೀನು ಒಪ್ಪಿದ್ದು ನೋಡಿ ನಾನು ಒಪ್ಪಿದ್ದು!’ ಅವನ ಸರದಿ ಹನ್ನೆರಡನೆಯದ್ದು.

ಸುಂದರಣ್ಣ ಇದನ್ನು ನನಗೆ ಹೇಳುವಾಗ ನಗುತ್ತಾ ಇದ್ದರು, ಕಣ್ಣಲ್ಲಿ ನೀರೂ ಇತ್ತು. ಎಲ್ಲರೂ ಒಳಗೆ ಬೇಡ ಅಂದುಕೊಂಡು, ಉಳಿದವರಿಗೆ ಬೇಕು ಅಂತ ನಂಬಿ ಒಪ್ಪುವುದಕ್ಕೆ ಮನಶ್ಶಾಸ್ತ್ರದಲ್ಲಿ ದೊಡ್ಡ ಹೆಸರಿದೆ. ಅವರಿಗೆ ಅದರ ಅಗತ್ಯ ಬೀಳಲಿಲ್ಲ. ‘ದೈವ ಕೇಳಿದ್ದಲ್ಲ ಮೇಡಂ, ಮೈಕು ಕೇಳಿದ್ದು’ ಅಂದರು.

ಇಬ್ಬರೂ ಸೇರಿ ಯಜಮಾನರನ್ನು ಮನೆಯಲ್ಲೇ ಕಂಡರು. ಸಭೆಯಲ್ಲಿ ಹೇಳಿದರೆ ಹಿರಿಯರ ಮುಖ ಹೋಗುತ್ತದೆ, ಅದಾದ ಮೇಲೆ ಯಾರೂ ಬಗ್ಗುವುದಿಲ್ಲ. ಹೇಳಬೇಕಾದ ಮಾತನ್ನು ನನ್ನ ಎದುರು ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದ್ದರು: ‘ಮಾವ, ಆವತ್ತು ಒಪ್ಪಿದ್ದು ತಪ್ಪಾಯಿತು. ಮೂವತ್ತು ಕೊಡುತ್ತೇನೆ, ಮೈಕೆಲಸಕ್ಕೆ ಎಷ್ಟು ದಿನ ಬೇಕಾದರೂ ಬರುತ್ತೇನೆ.’ ಅಷ್ಟೇ. ಕಾರಣ ಕೇಳದೆ ವಿವರಿಸಬಾರದು ಅಂದಿದ್ದೆ. ಆದರೂ ವಿವರಿಸಿದರಂತೆ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಲೆ ಅಡಿಕೆ ಹಾಕಿ, ಮುಂದಿನ ಸಲ ಎಲ್ಲರೂ ಚೀಟಿಯಲ್ಲಿ ಬರೆದು ಮುಚ್ಚಿದ ಕವರಿನಲ್ಲಿ ಕೊಡಲಿ ಅಂದರು. ಒಟ್ಟು ಮೊತ್ತ ಅರ್ಧಕ್ಕಿಂತ ಕೆಳಗೆ ಇಳಿಯಿತು. ಚಾವಡಿಯ ಮಾಡಿನ ಕೆಲಸ ಈ ವರ್ಷ, ಕಲ್ಲಿನ ಕೆಲಸ ಮುಂದಕ್ಕೆ. ಅಬುಧಾಬಿಯವನು ಮಾತ್ರ ಈಗಲೂ ಸುಂದರಣ್ಣನ ಫೋನು ತೆಗೆಯುವುದಿಲ್ಲ. ಅದರ ಬೇಸರ ಇದ್ದೇ ಇದೆ. ನಿದ್ದೆ ಐದು ಗಂಟೆಯವರೆಗೆ ಬರುತ್ತದೆ, ಗ್ಯಾಸಿನ ಮಾತ್ರೆ ಡಾಕ್ಟರು ನಿಲ್ಲಿಸಿದ್ದಾರೆ.

ಕೊನೆಯ ಸಲ ಬಂದಾಗ ಚೀಲದಿಂದ ರಶೀದಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ‘ಇಷ್ಟ ಇದ್ದರೆ ಮಾತ್ರ ಮೇಡಂ.’ ನನ್ನ ಹತ್ತಿರ ಬರುವವರ ಜೊತೆ ಹಣದ ವ್ಯವಹಾರ ಇಟ್ಟುಕೊಳ್ಳುವ ಹಾಗಿಲ್ಲ. ಆದರೂ ಆ ಹಳದಿ ರಟ್ಟಿನ ಪುಸ್ತಕ ನೋಡಿ ಕೈ ಪರ್ಸಿನ ಕಡೆ ಹೋಗಿತ್ತು. ಆಗುವುದಿಲ್ಲ ಸುಂದರಣ್ಣ ಅಂದೆ. ಅವರು ಪುಸ್ತಕವನ್ನು ಚೀಲಕ್ಕೆ ಹಾಕುತ್ತಾ ಕೇಳಿದರು, ‘ಕಷ್ಟ ಆಯ್ತಾ ಹೇಳಲಿಕ್ಕೆ?’